ಸೋಲಾರ್ ವಾಟರ್ ಹೀಟರ್: ಟ್ಯಾಂಕಿಗೆ ಫುಲ್ ಮಾರ್ಕ್ಸ್, ಪೈಪಿಗೆ ಸೊನ್ನೆ

ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದ ಕಡೆ ಥರ್ಟಿ ಫಾರ್ಟಿ ಸೈಟು. ನೆಲಮಹಡಿಯಲ್ಲಿ ನಾವು, ಮೇಲಿನ ಎರಡು ಮಹಡಿ ಬಾಡಿಗೆಗೆ. ಕೋವಿಡ್‌ಗೆ ಮುಂಚೆ ಮನೆ ಕಟ್ಟಿಸಿದಾಗಲೇ ಟೆರೇಸಿನ ಮೇಲೆ ಗಾಜಿನ ಟ್ಯೂಬಿನ ಸೋಲಾರ್ ಹಾಕಿಸಿದೆವು. ನಮಗೂ ಮೇಲಿನ ಕೊನೆಯ ಮನೆಗೂ ಅದೇ ನೀರು. ಟ್ಯೂಬ್ ಎಷ್ಟು, ವಾರಂಟಿ ಎಷ್ಟು ಅನ್ನೋದೆಲ್ಲ ಅಂಗಡಿಯವರೇ ಹೇಳ್ತಾರೆ, ಬಿಡಿ.

ಹೀಟರ್ ಬಗ್ಗೆ ದೂರಿಲ್ಲ. ಮೋಟಾರಿಲ್ಲ, ಸ್ವಿಚ್ಚಿಲ್ಲ. ಟ್ಯೂಬಿನಲ್ಲಿ ಕಾದ ನೀರು ತಾನೇ ಮೇಲೇರಿ ಟ್ಯಾಂಕಿಗೆ ಸೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಂತೂ ನೀರು ಮುಟ್ಟೋಕಾಗಲ್ಲ. ಮಕ್ಕಳಿರುವ ಮನೆಯವರು ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ನನ್ನ ಸಿಟ್ಟೆಲ್ಲ ಆ ನೀರನ್ನು ಕೆಳಗೆ ತರುವ ಪೈಪಿನ ಮೇಲೆ.

ವಾಸ್ತು ಪ್ರಕಾರ ಓವರ್‌ಹೆಡ್ ಟ್ಯಾಂಕ್ ನೈಋತ್ಯಕ್ಕೆ ಹೋಯಿತು. ಅದರ ಪಕ್ಕದಲ್ಲೇ ಸೋಲಾರ್. ನಮ್ಮ ಬಚ್ಚಲು ವಾಯವ್ಯದಲ್ಲಿ. ಕಾಂಟ್ರಾಕ್ಟರ್ ಬಿಸಿನೀರಿನ ಪೈಪನ್ನು ಟೆರೇಸಿನ ಅಂಚಿನಲ್ಲಿ ಸುತ್ತಿಸಿ, ಮೂರು ಮಹಡಿ ಇಳಿಸಿ, ಅಡುಗೆಮನೆ ಗೋಡೆಯೊಳಗೆ ತೂರಿಸಿ ಬಚ್ಚಲಿಗೆ ತಂದರು. ಹೆಚ್ಚುಕಡಿಮೆ ಎಪ್ಪತ್ತು ಅಡಿ. ಅದೂ ಒಂದಿಂಚಿನ ಪೈಪು. "ದಪ್ಪ ಪೈಪ್ ಹಾಕಿದ್ರೆ ಫೋರ್ಸ್ ಜಾಸ್ತಿ ಬರುತ್ತೆ ಮೇಡಂ" ಎಂದರು. ನೆಲಮಹಡಿಗೆ ಮೂವತ್ತು ಅಡಿ ಮೇಲಿಂದ ನೀರು ಬೀಳುವಾಗ ಫೋರ್ಸಿಗೇನು ಬರ? ಅದು ಕಡಿಮೆಯಾಗೋದು ಟ್ಯಾಂಕಿನ ಬುಡದಲ್ಲಿರುವ ಮೇಲಿನ ಮನೆಗೆ.

ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಅರ್ಧ ಲೀಟರ್ ನೀರು ನಿಲ್ಲುತ್ತದೆ. ಎಪ್ಪತ್ತು ಅಡಿಗೆ ಹತ್ತು ಲೀಟರ್. ರಾತ್ರಿಯೆಲ್ಲ ಅದು ತಣ್ಣಗಾಗಿ ಕೂತಿರುತ್ತದೆ. ಬೆಳಿಗ್ಗೆ ಅದಷ್ಟೂ ಹೋಗಬೇಕು, ಆಮೇಲೆ ಪೈಪ್ ಕಾಯಬೇಕು, ಆಮೇಲೆ ನಮಗೆ ಬಿಸಿನೀರು.

ಹೀಗಾಗಿ ನಮ್ಮ ಮನೆಯಲ್ಲಿ ಮೊದಲ ಸ್ನಾನಕ್ಕೆ ಯಾರೂ ಸಿದ್ಧರಿಲ್ಲ. "ನೀವು ಹೋಗ್ರೀ ಮೊದಲು" ಅಂದರೆ ಯಜಮಾನರು ಪೇಪರ್ ಬಿಡಿಸುತ್ತಾರೆ. ಮಗ ಹೊದಿಕೆ ಇನ್ನಷ್ಟು ಎಳೆದುಕೊಳ್ಳುತ್ತಾನೆ. ಕೊನೆಗೆ ಅತ್ತೆಯೇ ಏಳುತ್ತಾರೆ. ನಲ್ಲಿ ಕೆಳಗೆ ಹಳೆಯ ಪೇಂಟ್ ಬಕೆಟ್ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಬೆರಳ ತುದಿಯಿಂದ ನೀರು ಮುಟ್ಟುತ್ತಾ ಕೂರುತ್ತಾರೆ. ಬೆಚ್ಚಗಾಯಿತು ಅನ್ನಿಸಿದ ತಕ್ಷಣ ಪೇಂಟ್ ಬಕೆಟ್ ಸರಿಸಿ ಸ್ನಾನದ ಬಕೆಟ್ ಇಡುತ್ತಾರೆ. ಒಂದು ಹನಿ ಆಚೀಚೆ ಆಗಲ್ಲ. ತಣ್ಣೀರಿನ ಬಕೆಟ್ ಬಾಗಿಲಿಗೆ ಹೋಗುತ್ತದೆ. ಅದರಲ್ಲೇ ಹೊಸಿಲು ತೊಳೆದು, ಮುಂದಿನ ಜಾಗಕ್ಕೆ ಚಿಮುಕಿಸಿ, ರಂಗೋಲಿ ಇಟ್ಟು, ಉಳಿದದ್ದು ದಾಸವಾಳದ ಬುಡಕ್ಕೆ. "ಊರಲ್ಲಿ ಹಂಡೆ ಒಲೆ ಬಚ್ಚಲಲ್ಲೇ ಇತ್ತು, ಕೈ ಚಾಚಿದ್ರೆ ಬಿಸಿನೀರು" ಎಂದು ಗೊಣಗುವುದೂ ತಪ್ಪಲ್ಲ.

ಆ ನೀರು ಎಲ್ಲಿಂದ ಬಂದದ್ದು ಅಂತ ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಅದೂ ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ. ನಮ್ಮ ಸಂಪಿಗೆ ಬಿದ್ದು, ಮತ್ತೆ ಮೋಟಾರಿನಲ್ಲಿ ಟೆರೇಸಿಗೇರಿ, ಬಿಸಿಲಲ್ಲಿ ಕಾದು, ಪೈಪಿನಲ್ಲಿ ತಣ್ಣಗಾಗಿ ಚರಂಡಿಗೆ ಹೋಗಬೇಕಾ? 2024ರ ಬೇಸಿಗೆಯಲ್ಲಿ ಊರೆಲ್ಲ ಟ್ಯಾಂಕರ್ ಕಾಯುತ್ತಿದ್ದಾಗ ಆ ಪೇಂಟ್ ಬಕೆಟ್‌ಗೆ ನಮ್ಮ ಮನೆಯಲ್ಲಿ ಕೊಡದ ಮರ್ಯಾದೆ ಇರಲಿಲ್ಲ.

ಮೇಲಿನ ಮನೆ ಹುಡುಗಿಗೆ ಇದ್ಯಾವುದೂ ಗೊತ್ತೇ ಇಲ್ಲ. "ಆಂಟಿ, ನಮಗೆ ನಲ್ಲಿ ತಿರುಗಿಸಿದ್ರೆ ಸಾಕು, ಕೈ ಸುಡುತ್ತೆ" ಎಂದಳು. ದುಡ್ಡು ಹಾಕಿದವರು ನಾವು!

ಬೇರೊಬ್ಬ ಪ್ಲಂಬರ್ ಬಂದು ನೋಡಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಆತ ಹಳೆಯ ಲೈನ್ ಬಂದ್ ಮಾಡಿ, ಮನೆಯ ಹೊರಗೋಡೆ ಮೇಲೆ ಬಚ್ಚಲಿಗೆ ನೇರವಾಗಿ ಮುಕ್ಕಾಲು ಇಂಚಿನ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು, ಇಳಿಸಿದ. ಮಾಮೂಲಿ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ, ಅದಕ್ಕೆ ಒಪ್ಪಲೇಬೇಡಿ. ಪೈಪಿನ ಮೈಗೆಲ್ಲ ಕಪ್ಪು ಫೋಮ್ ಸುತ್ತಿದ. ಮುಕ್ಕಾಲು ಇಂಚಿನದರಲ್ಲಿ ಮೀಟರಿಗೆ ಸುಮಾರು 0.3 ಲೀಟರ್ ಅಷ್ಟೇ ನಿಲ್ಲುತ್ತದೆ, ದಾರಿಯೂ ಚಿಕ್ಕದಾಯಿತು. ಈಗ ನಾಲ್ಕೈದು ಮಗ್ ನೀರು ಹೋದರೆ ಬಿಸಿ ಬರುತ್ತದೆ. ಫೋಮಿನಿಂದ ಇಡೀ ರಾತ್ರಿ ಬಿಸಿ ಉಳಿಯುತ್ತದೆ ಅಂದುಕೊಳ್ಳಬೇಡಿ, ಅಷ್ಟು ಹೊತ್ತು ಉಳಿಯಲ್ಲ. ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಹೋಗುವವರೆಗೆ ಉಳಿಯುತ್ತದೆ, ಅದೇ ದೊಡ್ಡದು. ಗೋಡೆ ಕಟ್ಟುವಾಗಲೇ ಮಾಡಿದ್ದರೆ ಫೋಮಿನ ಖರ್ಚು ಮಾತ್ರ ಆಗುತ್ತಿತ್ತು. ಈಗ ಕೂಲಿ, ಪ್ಯಾಚ್‌ವರ್ಕ್, ಪೇಂಟು ಎಲ್ಲ ಸೇರಿತು. ಹೊರಗೋಡೆಯ ಪೈಪು ನೋಡೋಕೆ ಚೆನ್ನಾಗಿಲ್ಲ, ನಿಜ. ಆದರೆ ಲೀಕಾದರೆ ಕಣ್ಣಿಗೆ ಕಾಣುತ್ತದೆ. ಅಡುಗೆಮನೆ ಟೈಲ್ಸ್ ಒಡೆಸುವ ಭಯ ಇಲ್ಲ.

ಮಿಕ್ಕದ್ದು ಸಣ್ಣಪುಟ್ಟದ್ದು. ಬೋರ್‌ವೆಲ್ ನೀರಿನ ಗಡಸಿಗೆ ಟ್ಯೂಬಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಆಗಾಗ ತೆಗೆಸಬೇಕು. ಜುಲೈ, ಆಗಸ್ಟ್ ಮೋಡದಲ್ಲಿ ಬರೀ ಉಗುರುಬೆಚ್ಚಗಿನ ನೀರು. ನೀರು ತುಂಬುವ ಹಬ್ಬದ ದಿನವೇ ಸೈಕ್ಲೋನ್ ಮಳೆ ಹಿಡಿದರೆ ಎಣ್ಣೆಸ್ನಾನಕ್ಕೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಹಾಕಲೇಬೇಕು. ಟ್ಯಾಂಕಿಗೆ ಕಾಯಿಲ್ ಕೂರಿಸುವವರು ಅರ್ಥಿಂಗ್ ಇದೆಯಾ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಮುಂದೆ ನಿಂತು ನೋಡಿಕೊಳ್ಳಿ. ಸ್ಟ್ಯಾಂಡಿಗೆಂದು ಟೆರೇಸಿಗೆ ಡ್ರಿಲ್ ಹೊಡೆಯೋಕೆ ಬಿಡಬೇಡಿ. ವಾಟರ್‌ಪ್ರೂಫಿಂಗ್ ಹೋದರೆ ಮಳೆಗಾಲದಲ್ಲಿ ಸೀಲಿಂಗ್ ತೊಟ್ಟಿಕ್ಕುತ್ತದೆ. ನಮ್ಮದು ಸಿಮೆಂಟ್ ಕಟ್ಟೆಗಳ ಮೇಲೆ ನಿಂತಿದೆ. ಅದೊಂದನ್ನು ಆ ಕಾಂಟ್ರಾಕ್ಟರ್ ಸರಿಯಾಗಿ ಮಾಡಿದರು.

ದುಡ್ಡು ಉಳಿಯಿತಾ ಅಂತ ಕೇಳೋರಿಗೆ: ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಆಗುವಷ್ಟು ಕಾಯಿಸೋಕೆ ಗೀಸರಿಗೆ ಅರ್ಧ ಯೂನಿಟ್ ಹತ್ತಿರ ಬೇಕು. ದಿನಕ್ಕೆ ನಾಲ್ಕು ಬಕೆಟ್ ಅಂದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲೇ ಸೊನ್ನೆ, ಹಾಗಾಗಿ ಈ ಲೆಕ್ಕ ಕೈಗೆ ಕಾಣುವುದಿಲ್ಲ. ಆದರೆ ಆ ಯೋಜನೆಯ ಮಿತಿ 2022-23ರ ಸರಾಸರಿ ಬಳಕೆಯ ಮೇಲೆ ನಿಂತಿದೆ. ಸೋಲಾರ್ ಇದ್ದ ನಮ್ಮ ಸರಾಸರಿ ಕಮ್ಮಿ, ಆದ್ದರಿಂದ ಮಿತಿಯೂ ಕಮ್ಮಿ. ಈಗ ಗೀಸರ್ ಹಾಕಿದರೆ ಮಿತಿ ಮೀರಿದ್ದಕ್ಕೆಲ್ಲ ದುಡ್ಡು ಕಟ್ಟಬೇಕು.

ಐದಕ್ಕೆ ನಾಲ್ಕು ಕೊಡ್ತೀನಿ. ಅಂದ ಹಾಗೆ ಮೇಲಿನ ಮನೆ ಮುಂದಿನ ತಿಂಗಳು ಖಾಲಿಯಾಗ್ತಿದೆ. ಯಜಮಾನರು "ನಾವೇ ಮೇಲೆ ಹೋಗಿಬಿಡೋಣ" ಅಂತಿದ್ದಾರೆ. ಅತ್ತೆ ತಮ್ಮ ಮಂಡಿ ತೋರಿಸಿ, ಮೆಟ್ಟಿಲು ತೋರಿಸಿ, ಸುಮ್ನೆ ಒಳಗೆ ಹೋದರು.