ಎಸ್ಪ್ರೆಸೊ ಮೆಷಿನ್ ರಿಪೇರಿ ಮಾಡಿಸಿದೀರಾ? ಅರ್ಥ್ ವೈರ್ ಇದೆಯಾ ನೋಡ್ಕೊಳ್ಳಿ

ಕಾಫಿ ಮೆಷಿನ್ ಆನ್ ಮಾಡಿದ್ರೆ ಇಎಲ್‌ಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸೇಫ್ಟಿ ಸ್ವಿಚ್) ಬೀಳ್ತಿತ್ತು, ಅಂಗಡಿಗೆ ಕೊಟ್ಟೆ, ಈಗ ಬೀಳ್ತಿಲ್ಲ ಅಂತ ಖುಷಿಯಾಗಿರೋರು ಯಾರಾದ್ರೂ ಇದ್ರೆ ಇದನ್ನ ಪೂರ್ತಿ ಓದಿ.

ನಮ್ಮದು ಸ್ಟೀಲ್ ಬಾಡಿ, 1350 ವ್ಯಾಟ್‌ದು. ಬೆಂಗಳೂರಿನ ಬೋರ್ ನೀರು ಗೊತ್ತಲ್ಲ, ಒಳಗೆಲ್ಲ ಬಿಳೀ ಪೊರೆ ಕಟ್ಟತ್ತೆ. ಪ್ಲಗ್ ಹಾಕಿದ ತಕ್ಷಣ ಏನೂ ಆಗ್ತಿರ್ಲಿಲ್ಲ, ಹೀಟರ್ ಚೆನ್ನಾಗಿ ಬಿಸಿ ಆದ್ಮೇಲೆ ಟಪ್ ಅಂತ ಇಡೀ ಮನೆ ಕರೆಂಟ್ ಹೋಗೋದು. ಹಿಂಗೆ ಬಿಸಿ ಆದ್ಮೇಲೆ ಮಾತ್ರ ಬಿದ್ರೆ ಮೊದಲ ಅನುಮಾನ ಹೀಟಿಂಗ್ ಕಾಯಿಲ್ ಮೇಲೆ. ಕಾಯಿಲ್‌ಗೂ ಅದರ ಹೊರಗಿನ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರ್ತಾರೆ, ಕೊಳವೆ ಎಲ್ಲೋ ಸೀಳು ಬಿಟ್ಟು ಅದಕ್ಕೆ ತೇವ ಹೋಯ್ತು ಅಂದ್ರೆ ಕರೆಂಟ್ ಬಾಡಿಗೆ ಲೀಕ್ ಆಗಿ ಅರ್ಥ್ ವೈರ್ ಮೂಲಕ ಭೂಮಿಗೆ ಹೋಗತ್ತೆ, 30 ಮಿಲಿಆಂಪ್ ದಾಟೋ ಹೊತ್ತಿಗೆ ಇಎಲ್‌ಸಿಬಿ ಬೀಳತ್ತೆ. ಅದು ಇರೋದೇ ಅದಕ್ಕೆ.

ಅಂಗಡಿಯವನು ಮಾತ್ರ "ಮೆಷಿನ್ ಓಕೆ ಸಾರ್, ನಿಮ್ಮನೆ ಇಎಲ್‌ಸಿಬಿನೇ ಜಾಸ್ತಿ ಸೆನ್ಸಿಟಿವ್, ಆದ್ರೂ ಸರ್ವೀಸ್ ಮಾಡಿದೀನಿ" ಅಂತ ದುಡ್ಡು ಇಸ್ಕೊಂಡು ಕೊಟ್ಟ. ಮನೆಗೆ ತಂದು ಹಾಕಿದ್ರೆ ನಿಜವಾಗ್ಲೂ ಬೀಳ್ಲಿಲ್ಲ.

ಆಮೇಲೊಂದಿನ ಅಮ್ಮ ಮೆಷಿನ್ ಮೇಲಿಟ್ಟಿದ್ದ ಲೋಟ ತಗೊಳೋಕೆ ಹೋದಾಗ ಕೈ ಜುಮ್ ಅಂತು. ಪುಣ್ಯಕ್ಕೆ ಕಾಲಲ್ಲಿ ಚಪ್ಪಲಿ ಇತ್ತು. ಟೆಸ್ಟರ್ ಇಟ್ಟು ನೋಡಿದ್ರೆ ಬಾಡಿ ಎಲ್ಲಿ ಮುಟ್ಟಿಸಿದ್ರೂ ಲೈಟ್ ಉರೀತಿದೆ! ಪ್ಲಗ್ ಕಿತ್ತು, ಪರಿಚಯದ ಎಲೆಕ್ಟ್ರಿಷಿಯನ್ ಕರೆಸಿ ಹಿಂದಿನ ಮುಚ್ಚಳ ಬಿಚ್ಚಿಸಿದ್ವಿ. ಬಾಡಿಗೆ ಸ್ಕ್ರೂ ಹಾಕಿರ್ಬೇಕಾದ ಹಸಿರು-ಹಳದಿ ಅರ್ಥ್ ವೈರನ್ನ ಅಂಗಡಿಯವನು ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ನೀಟಾಗಿ ಮಡಚಿ ಪಂಪ್ ಹಿಂದೆ ತುರುಕಿದ್ದ. ಮೂರು ಪಿನ್ನಿನ ಪ್ಲಗ್ ಹಂಗೇ ಇದೆ, ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಕಾಯಿಲ್ ಅದೇ ಹಳೇದು, ಲೀಕೂ ಅದೇ, ಆ ಕರೆಂಟ್ ಹೋಗೋಕೆ ದಾರಿ ಇಲ್ಲದೆ ಬಾಡಿ ಮೇಲೇ ಕೂತಿದೆ, ಅದಕ್ಕೇ ಇಎಲ್‌ಸಿಬಿ ಬೀಳ್ತಿರ್ಲಿಲ್ಲ, ಮುಟ್ಟಿದೋರ ಮೈ ಮೂಲಕಾನೇ ಅದು ಭೂಮಿಗೆ ಹೋಗ್ಬೇಕು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ರೆ ಏನಾಗ್ತಿತ್ತೋ, ಯೋಚಿಸೋಕೂ ಭಯ.

ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟಾಗ ಕಾಯಿಲ್ 39 ಓಮ್ ಹತ್ರ ಸರಿಯಾಗೇ ತೋರಿಸ್ತು, ಬಾಡಿಗೆ ಲೀಕ್ ಇರೋ ಥರ ಏನೂ ಕಾಣ್ಲಿಲ್ಲ. 500 ವೋಲ್ಟ್ ಮೆಗ್ಗರ್ (ಜಾಸ್ತಿ ವೋಲ್ಟೇಜ್ ಕೊಟ್ಟು ಲೀಕ್ ಇದೆಯಾ ನೋಡೋ ಮೀಟರ್) ಹಾಕಿದ್ಮೇಲೇ ಬಣ್ಣ ಬಯಲಾಗಿದ್ದು. ಹಾಗಾಗಿ ಬರೀ ಮಲ್ಟಿಮೀಟರ್ ತೋರಿಸಿ "ಕಾಯಿಲ್ ಚೆನ್ನಾಗಿದೆ" ಅಂದ್ರೆ ನಂಬ್ಬೇಡಿ.

ಅಂಗಡಿಗೆ ಹೋಗಿ ಕೇಳಿದ್ರೆ "ಟ್ರಿಪ್ ಆಗ್ಬಾರ್ದು ಅಂದಿದ್ದು ನೀವೇ ಅಲ್ವಾ ಸಾರ್" ಅಂತಾನೆ. ಇಂಥೋರ ಜೊತೆ ಏನ್ ಜಗಳ ಆಡೋದು.

ರಿಪೇರಿಯಾದ ಮೆಷಿನ್ ತಗೊಳೋವಾಗ ಪ್ಲಗ್ ಸಾಕೆಟ್‌ಗೆ ಹಾಕಿರ್ಬಾರ್ದು, ಮಲ್ಟಿಮೀಟರನ್ನ ಬೀಪ್ ಮೋಡ್‌ಗೆ ಹಾಕಿ, ಒಂದು ಕಡ್ಡಿ ಪ್ಲಗ್ಗಿನ ಉದ್ದ ದಪ್ಪ ಅರ್ಥ್ ಪಿನ್ನಿಗೆ, ಇನ್ನೊಂದು ಬಾಡಿಯಲ್ಲಿ ಪೇಂಟ್ ಇಲ್ಲದ ಸ್ಕ್ರೂಗೆ ಮುಟ್ಟಿಸೋಕೆ ಹೇಳಿ. ಅಂಗಡಿಯಲ್ಲೇ, ನಿಮ್ಮೆದುರಿಗೇ. ಬೀಪ್ ಬರ್ಲಿಲ್ಲ ಅಂದ್ರೆ ದುಡ್ಡು ಕೊಡ್ಬೇಡಿ.