ಮೊದಲ ಓದಿಗೆ ಯಾವುದು: ನದೀದ್ವೀಪದ ಭಯವೋ, ತೋಟಕ್ಕೆ ಬಿದ್ದ ಬಣ್ಣವೋ?

ವಿಶ್ವದ ಅಗಾಧತೆಯ ಮುಂದೆ ಮನುಷ್ಯ ಲೆಕ್ಕಕ್ಕೇ ಇಲ್ಲ ಎಂಬ ಅರಿವು ಹುಟ್ಟಿಸುವ ಭಯವೇ ಕಾಸ್ಮಿಕ್ ಹಾರರ್ ಸಾಹಿತ್ಯದ ಜೀವಾಳ. ಅದನ್ನು ಹೊಸದಾಗಿ ಓದಹೊರಟವರಿಗೆ ಆಲ್ಜರ್ನನ್ ಬ್ಲ್ಯಾಕ್‌ವುಡ್‌ನ ‘ದಿ ವಿಲೋಸ್’ (1907), ಎಚ್. ಪಿ. ಲವ್‌ಕ್ರಾಫ್ಟ್‌ನ ‘ದಿ ಕಲರ್ ಔಟ್ ಆಫ್ ಸ್ಪೇಸ್’ (1927) ಎಂಬ ಎರಡು ನೀಳ್ಗತೆಗಳು ಒಳ್ಳೆಯ ಬಾಗಿಲುಗಳು.

ಮೊದಲನೆಯದರಲ್ಲಿ ಉಕ್ಕಿದ ಡ್ಯಾನ್ಯೂಬ್ ನದಿಯ ನಡುವಿನ ಮರಳುದ್ವೀಪದಲ್ಲಿ ಇಬ್ಬರು ಗೆಳೆಯರು ತಂಗುತ್ತಾರೆ. ನೀರು ದಡವನ್ನು ಕೊರೆಯುತ್ತದೆ, ಒಂದು ಹುಟ್ಟು ಕಾಣೆಯಾಗುತ್ತದೆ, ದೋಣಿಯ ತಳ ಸೀಳುತ್ತದೆ. ಮಾಡಿದವರು ಯಾರೆಂಬುದು ಮಾತ್ರ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ಚರ್ಚನ್ನು ಸುತ್ತುವರಿಯುವ ಹೇಮಾವತಿಯ ಹಿನ್ನೀರನ್ನು ಕಂಡ ಹಾಸನದವರಿಗೆ ಈ ಮೌನ ಅಪರಿಚಿತವಲ್ಲ. ಲವ್‌ಕ್ರಾಫ್ಟ್ ಕೂಡ ಈ ಕಥೆಯನ್ನು ಬಹುವಾಗಿ ಮೆಚ್ಚಿದ್ದ.

ಆದರೂ ನನ್ನ ಆಯ್ಕೆ ಎರಡನೆಯದೇ. ರೈತನೊಬ್ಬನ ಬಾವಿಯ ಬಳಿ ಉಲ್ಕೆ ಬೀಳುತ್ತದೆ. ಆ ವರ್ಷ ಹಣ್ಣುಗಳು ಹಿಂದೆಂದೂ ಇಲ್ಲದಷ್ಟು ದಪ್ಪಗೆ ಹೊಳೆಯುತ್ತವೆ, ಬಾಯಿಗಿಟ್ಟರೆ ಕಹಿ. ಬಳಿಕ ಗಿಡ, ದನ, ಮನೆಮಂದಿ ಎಲ್ಲವೂ ಬೂದಿಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತವೆ. ಹೊರಗೆ ಹಸಿರಾಗಿ ಕಾಣುವ ಅರೇಬಿಕಾ ಕಾಫಿ ಗಿಡದ ಕಾಂಡವನ್ನು ಸೀಳಿ, ಬಿಳಿ ಕಾಂಡಕೊರಕ ಹುಳು ತೋಡಿದ ಸುರಂಗವನ್ನು ಕಂಡ ಚಿಕ್ಕಮಗಳೂರಿನ ಬೆಳೆಗಾರರು ಈ ಪುಟಗಳಲ್ಲಿ ತಮ್ಮದೇ ಆತಂಕವನ್ನು ಗುರುತಿಸಬಲ್ಲರು. ಉಲ್ಕೆಯೊಂದಿಗೆ ಬಂದ ಆ ಬಣ್ಣಕ್ಕೆ ದ್ವೇಷವಿಲ್ಲ, ಉದ್ದೇಶವೂ ತಿಳಿಯದು. ಪೂಜೆಯಿಂದಾಗಲಿ ಪ್ರಾಯಶ್ಚಿತ್ತದಿಂದಾಗಲಿ ತಣಿಯುವ ನಮ್ಮ ದೆವ್ವದ ಕಥೆಗಳಿಗಿಂತ ಇದು ಬೇರೆಯಾಗುವುದು ಇಲ್ಲಿಯೇ.

ಪ್ರಭಾವದ ಮಾತಿನಲ್ಲಂತೂ ಲವ್‌ಕ್ರಾಫ್ಟ್‌ನದೇ ಮೇಲುಗೈ. ಅವನ ಲೋಕವನ್ನು ಆಧರಿಸಿ 1981ರಲ್ಲಿ ಬಂದ ‘ಕಾಲ್ ಆಫ್ ಕ್ಥುಲ್ಹು’ ಎಂಬ, ಆಟಗಾರರು ಪಾತ್ರಗಳಾಗಿ ಕಥೆ ನಡೆಸುವ ಆಟವನ್ನು ಇಂದಿಗೂ ಆಡುತ್ತಾರೆ. ಅವನ ಜನಾಂಗದ್ವೇಷ ಹಲವು ಕಥೆಗಳನ್ನು ಕೆಡಿಸಿದೆ. ಈ ಕಥೆಯಲ್ಲಿ ಅದರ ಕಾಟ ಕಡಿಮೆ.