ಮೂಡಿಗೆರೆ ಮಳೆಯಲ್ಲಿ ಹಳೇ ಜಿಪ್ಸಿ: ಹದಿನಾಲ್ಕು ವರ್ಷ ನಾನೇ ಬಿಚ್ಚಿ ನಾನೇ ಕಟ್ಟಿದ ಅನುಭವ

ಗಾಡಿ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಇಂಜಿನ್, ಸಾಫ್ಟ್ ಟಾಪ್, 2004ರ ಮಾಡೆಲ್. ನಾನು ಕೊಂಡಿದ್ದು 2011ರಲ್ಲಿ, ಸೆಕೆಂಡ್ ಹ್ಯಾಂಡ್. ಆಗ ಮೀಟರ್ 62 ಸಾವಿರ ತೋರಿಸುತ್ತಿತ್ತು. ಈಗ 1 ಲಕ್ಷ 71 ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಓಡಿದ್ದು ಮೂಡಿಗೆರೆ ಸುತ್ತಲಿನ ತೋಟದ ದಾರಿಗಳಲ್ಲಿ.

ಟಾರು ರಸ್ತೆಯಿಂದ ನಮ್ಮ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಜೂನ್ ಬಂತೆಂದರೆ ಆ ದಾರಿಯಲ್ಲಿ ಕಾರು ಬರುವುದಿಲ್ಲ. ಅಕ್ಕಿ, ಗ್ಯಾಸ್ ಸಿಲಿಂಡರ್, ಗೊಬ್ಬರದ ಚೀಲ, ಮಕ್ಕಳ ಸ್ಕೂಲು, ಅಮ್ಮನ ಆಸ್ಪತ್ರೆ, ಎಲ್ಲಕ್ಕೂ ಇದೇ ಗಾಡಿ. ಹಾಗಾಗಿ ಇದು ವಾರಾಂತ್ಯದಲ್ಲಿ ಗುಡ್ಡ ಹತ್ತುವವರ ವಿಮರ್ಶೆ ಅಲ್ಲ. ದಿನಾ ಬೆಳಗಾದರೆ ಸ್ಟಾರ್ಟ್ ಆಗಲೇಬೇಕಾದ ಗಾಡಿಯನ್ನು ಮನೆಯಲ್ಲೇ ರಿಪೇರಿ ಮಾಡಿಕೊಂಡು ಇಟ್ಟುಕೊಂಡವನ ಅನುಭವ.

ಗಾಡಿಯ ಗುಣ ಮೊದಲು ಹೇಳುತ್ತೇನೆ. 1298 ಸಿಸಿ ಪೆಟ್ರೋಲ್ ಇಂಜಿನ್, 80 ಅಶ್ವಶಕ್ತಿ. ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ. ಜಿಪ್ಸಿಯ ಗುಟ್ಟು ಇರುವುದು ಆ ತೂಕದಲ್ಲಿ. ಭಾರದ ಗಾಡಿಗಳು ಹೂತುಕೊಳ್ಳುವ ಕೆಸರಿನಲ್ಲಿ ಇದು ತೇಲಿದ ಹಾಗೆ ದಾಟುತ್ತದೆ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಚಕ್ರ ಜೋಡಿಸುವ ಒಂದೇ ದಂಡ), ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿ ಸ್ಪ್ರಿಂಗ್. ಖಾಲಿ ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತವರಿಗೆ ಸುಖ ಇಲ್ಲ, ಅದು ನಿಜ. ಬೆನ್ನು ನೋವಿದ್ದವರು ಯೋಚಿಸಿ. ಮೈಲೇಜ್ ನನಗೆ ಊರೊಳಗೆ 9, ಹೈವೇಯಲ್ಲಿ 11 ಸಿಗುತ್ತದೆ.

ನಾನು ಪಾನಾ ಹಿಡಿದಿದ್ದು ಆಸೆಗೆ ಅಲ್ಲ. 2013ರ ಮಳೆಗಾಲದಲ್ಲಿ ಮುಂದಿನ ಎಡ ಚಕ್ರದಲ್ಲಿ ಸದ್ದು ಬಂತು. ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿ ಚಕ್ರದ ನಡುವಿನ ಹಬ್‌ನ ನಟ್ಟಿಗೆ ಸರಿಯಾದ ಸಾಕೆಟ್ ಇರಲಿಲ್ಲ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದರು, ಹಾಗೇ ಹೊಡೆದು ಬಿಗಿ ಮಾಡಿದರು. ಎರಡೇ ತಿಂಗಳಲ್ಲಿ ಹೊಸ ಬೇರಿಂಗ್ ಹೋಯಿತು. ಬಿಚ್ಚಿ ನೋಡಿದಾಗ ನಟ್ಟಿನ ಮೂಲೆಗಳೆಲ್ಲ ಜಜ್ಜಿ ಹೋಗಿದ್ದವು, ಹಬ್ ಕೂರುವ ಸ್ಪಿಂಡಲ್‌ನ ತಿರುಪಿನ ಮರೆಯೂ ಸವೆದಿತ್ತು. ಬೇರಿಂಗ್ ಬೆಲೆಗಿಂತ ನಾಲ್ಕು ಪಟ್ಟು ಖರ್ಚು ಬಂತು. ಆ ವಾರವೇ ಸರಿಯಾದ ಸಾಕೆಟ್ ತರಿಸಿದೆ. ನಾನು ಕೊಂಡ ಮೊದಲ ಟೂಲ್ ಅದು. ಇವತ್ತಿಗೂ ಅದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಕಲಿಸಿದವರು ಸಕಲೇಶಪುರದ ಕಡೆಯ ಒಬ್ಬರು ಹಿರಿಯ ಮೆಕ್ಯಾನಿಕ್. ಮೊದಲ ದಿನ ನಾನು ಆತುರದಲ್ಲಿ ಬೋಲ್ಟಿಗೆ ಕೈ ಹಾಕಿದಾಗ ತಡೆದರು. "ಮೊದಲು ತೊಳೀರಿ ಮಾರಾಯ್ರೆ. ಅರ್ಧ ಕೆಲಸ ತೊಳೆಯೋದೇ. ಕೆಸರು ಇಟ್ಕೊಂಡು ಬಿಚ್ಚಿದ್ರೆ ಬೇರಿಂಗಿಗೆ ನೀವೇ ಮಣ್ಣು ತಿನ್ನಿಸಿದ ಹಾಗೆ" ಅಂದರು. ನಾನು, "ಅಣ್ಣ, ಇಷ್ಟೊಂದು ಸಣ್ಣ ಸಾಮಾನು ನೆನಪಿಟ್ಟುಕೊಳ್ಳೋದು ಹೇಗೆ?" ಅಂತ ಕೇಳಿದೆ. ಅವರು ನಾಲ್ಕು ಖಾಲಿ ಬಿಸ್ಕತ್ ಡಬ್ಬಿ ತಂದು ಮುಂದಿಟ್ಟರು. ಬಿಚ್ಚಿದ ಕ್ರಮದಲ್ಲೇ ಡಬ್ಬಿಗೆ ಹಾಕುವುದು, ವಾಪಸ್ ಬರುವಾಗ ಕೊನೆಯ ಡಬ್ಬಿಯಿಂದ ಶುರು ಮಾಡುವುದು. ನಾನು ಇನ್ನೂ ಹಾಗೇ ಮಾಡುತ್ತೇನೆ, ಜೊತೆಗೆ ಮೊಬೈಲಿನಲ್ಲಿ ಒಂದೊಂದು ಫೋಟೋ.

ಈಗ ಮುಖ್ಯವಾದ ವಿಷಯ. ಹಳೇ ಜಿಪ್ಸಿಯ ಆಯಸ್ಸು ಇರುವುದು ಮುಂದಿನ ಚಕ್ರದ ಒಳಗಿನ ನಕಲ್‌ನಲ್ಲಿ. ಆಕ್ಸಲ್ ತುದಿಯಲ್ಲಿ ಉಂಡೆಯಂಥ ಕಬ್ಬಿಣದ ಭಾಗ ಕಾಣುತ್ತದಲ್ಲ, ಅದರ ಮೇಲೆ ಹೊದ್ದುಕೊಂಡ ಹಾಗೆ ಕೂತಿರುವುದೇ ನಕಲ್. ಮೇಲೊಂದು ಕೆಳಗೊಂದು ಕಿಂಗ್ ಪಿನ್, ಅವಕ್ಕೆ ಚಿಕ್ಕ ಬೇರಿಂಗ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಇವುಗಳ ಮೇಲೆ. ಉಂಡೆಯ ಹಿಂಭಾಗದಲ್ಲಿ ಒಂದು ರಬ್ಬರ್ ಸೀಲ್, ಒಂದು ಫೆಲ್ಟ್ ಬಳೆ, ಅದನ್ನು ಒತ್ತಿ ಹಿಡಿಯುವ ತಗಡು. ನಮ್ಮ ಕೆಂಪು ಮಣ್ಣು ಈ ಫೆಲ್ಟ್‌ಗೆ ಹಿಡಿದು ಒಣಗಿದರೆ ಮರಳು ಕಾಗದದ ಹಾಗೆ ಉಜ್ಜುತ್ತದೆ. ಸೀಲ್ ಹರಿಯುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ.

ಇನ್ನೊಂದು ಸೀಲ್ ಒಳಗಡೆ, ಆಕ್ಸಲ್ ಕೊಳವೆಯ ತುದಿಯಲ್ಲಿದೆ. ಅದು ಹೋದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ನಕಲ್‌ಗೆ ಬಂದು ಗ್ರೀಸನ್ನು ಕರಗಿಸುತ್ತದೆ. ಉಂಡೆಯ ಕೆಳಗೆ ಕಪ್ಪಗೆ ತೆಳ್ಳಗೆ ಸೋರುತ್ತಿದೆಯಾ? ಬೆರಳಿಗೆ ಹಚ್ಚಿ ಮೂಸಿ ನೋಡಿ. ಗಂಧಕದಂಥ ಘಾಟು ಬಂದರೆ ಅದು ಗೇರ್ ಆಯಿಲ್, ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಬರೀ ಗ್ರೀಸ್ ವಾಸನೆ ಇದ್ದರೆ ಹೊರಗಿನದು ಮಾತ್ರ.

ಚಕ್ರದಲ್ಲಿ ಆಟ, ಅಂದರೆ ಸಡಿಲ, ಇದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಮನೆಯವರು ಯಾರಿಗಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್. ನಮ್ಮ ಮನೆಯಲ್ಲಿ ಬ್ರೇಕ್ ಒತ್ತುವ ಕೆಲಸ ಮಗಳದು. ಎಂಟು ವರ್ಷದವಳಿದ್ದಾಗಿನಿಂದ ಮಾಡುತ್ತಿದ್ದಾಳೆ. ಈಗ ಅವಳೇ ಕೈ ಹಿಡಿದು ನೋಡಿ, "ಅಪ್ಪಾ, ಇದು ಕಿಂಗ್ ಪಿನ್ನೇ" ಅನ್ನುತ್ತಾಳೆ. ಇಲ್ಲಿಯವರೆಗೆ ತಪ್ಪು ಹೇಳಿಲ್ಲ.

ಎಡಗಡೆಯ ನಕಲ್ ಪೂರ್ತಿ ಬಿಚ್ಚಿ ಕಟ್ಟಲು ನನಗೆ ಮೊದಲ ಸಲ ಎರಡು ದಿನ ಹಿಡಿಯಿತು. ಈಗ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತರೆ ನಾಲ್ಕು ಗಂಟೆಗೆ ಮುಗಿಯುತ್ತದೆ. ಬ್ರೇಕ್ ಡಿಸ್ಕ್ ಹಿಡಿಯುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟುತ್ತೇನೆ. ಬ್ರೇಕ್ ಹೋಸ್‌ನಲ್ಲಿ ಅದನ್ನು ನೇತಾಡಲು ಬಿಡಲೇಬೇಡಿ. ಆಮೇಲೆ ಹಬ್ ಲಾಕ್, ಸರ್ಕ್ಲಿಪ್ (ಶಾಫ್ಟ್ ಹಿಡಿಯುವ ಸ್ಪ್ರಿಂಗ್ ಬಳೆ), ದೊಡ್ಡ ನಟ್, ಡಿಸ್ಕ್ ಸಮೇತ ಹಬ್. ಹಬ್ ಎಳೆಯುವಾಗ ಹೊರಗಿನ ಬೇರಿಂಗ್ ಜಾರಿ ಬೀಳುತ್ತದೆ, ಅಂಗೈ ಅಡ್ಡ ಇಡಿ. ಸ್ಪಿಂಡಲ್ ತೆಗೆದು ಶಾಫ್ಟ್ ಎಳೆದರೆ ಹಳೇ ಗ್ರೀಸ್ ಹೊರಗೆ ಬರುತ್ತದೆ. ಅದರ ಬಣ್ಣ ನೋಡಿ. ಕಪ್ಪಾಗಿದ್ದರೆ ಪರವಾಗಿಲ್ಲ. ಕಾಫಿಗೆ ಹಾಲು ಬೆರೆಸಿದ ಹಾಗಿದ್ದರೆ ನೀರು ಹೋಗಿದೆ. ಆಗ ಒಂದು ಬೇರಿಂಗನ್ನೂ ನಂಬಬೇಡಿ.

ಕಿಂಗ್ ಪಿನ್ ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ಬಳೆಗಳು, ಶಿಮ್‌ಗಳು, ಇರುತ್ತವೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಹೋಗಬೇಕು. ಒಂದನ್ನು ಕಳೆದರೂ ನಕಲ್ ಬಿಗಿಯಾಗಿಯೋ ಸಡಿಲವಾಗಿಯೋ ಕೂರುತ್ತದೆ. ಸಡಿಲವಾದರೆ 60ರ ವೇಗದಲ್ಲಿ ಒಂದು ಗುಂಡಿ ಹಾರಿದ ಕೂಡಲೇ ಸ್ಟೀರಿಂಗ್ ಗಡಗಡ ನಡುಗುತ್ತದೆ. ನನಗೆ ಕೊಟ್ಟಿಗೆಹಾರದ ಇಳಿಜಾರಿನಲ್ಲಿ ಒಮ್ಮೆ ಹಾಗಾಯಿತು. ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ವೇಗ ಇಳಿಸಿ ಬದಿಗೆ ತಂದೆ. ಪಕ್ಕದಲ್ಲಿ ಅಮ್ಮ ಕೂತಿದ್ದರು. ಆ ದಿನದಿಂದ ಶಿಮ್‌ಗಳನ್ನು ದಾರದಲ್ಲಿ ಪೋಣಿಸಿ ಚೀಟಿ ಕಟ್ಟಿಯೇ ಇಡುತ್ತೇನೆ.

ಸೀಲ್ ಇಷ್ಟು ಬೇಗ ಬೇಗ ಹೋಗುವುದಕ್ಕೆ ಇನ್ನೊಂದು ಕಾರಣ ಬ್ರೀದರ್. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಆಕ್ಸಲ್ ಮೇಲೆ ಗಾಳಿಯಾಡಲು ಒಂದು ಚಿಕ್ಕ ಮುಚ್ಚಳ ಇರುತ್ತದೆ. ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ನಾನು ಎರಡೂ ಆಕ್ಸಲ್‌ಗೆ ಪೈಪ್ ಹಾಕಿದ್ದೇನೆ. ಮುಂದಿನದು ಬಾನೆಟ್ ಒಳಗೆ ಬ್ಯಾಟರಿಯ ಎತ್ತರಕ್ಕೆ, ಹಿಂದಿನದು ಬಾಡಿ ಒಳಗೆ ಟೇಲ್ ಲ್ಯಾಂಪ್ ಹತ್ತಿರಕ್ಕೆ. ಒಂದು ಮಧ್ಯಾಹ್ನದ ಕೆಲಸ, ಖರ್ಚು ಪೆಟ್ರೋಲ್ ಹೋಸಿನ ಬೆಲೆ ಮತ್ತು ನಾಲ್ಕು ಕ್ಲಿಪ್. ಇದಾದ ಮೇಲೆ ಆರು ಮಳೆಗಾಲದಲ್ಲಿ ಡಿಫರೆನ್ಷಿಯಲ್ ಆಯಿಲ್ ಒಮ್ಮೆಯೂ ಬೆಳ್ಳಗಾಗಿಲ್ಲ.

ಡಿಫರೆನ್ಷಿಯಲ್ ಆಯಿಲ್ ಬದಲಿಸುವಾಗ ಒಂದು ಮಾತು ನೆನಪಿಡಿ. ಕೆಳಗಿನ ಇಳಿಸುವ ಬೋಲ್ಟ್ ಬಿಚ್ಚುವ ಮೊದಲು ಮೇಲಿನ ತುಂಬಿಸುವ ಬೋಲ್ಟ್ ಬಿಚ್ಚುತ್ತದಾ ಅಂತ ನೋಡಿ. ಹಳೇ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಲ್ಲ ಆಯಿಲ್ ಇಳಿಸಿದ ಮೇಲೆ ತುಂಬಲು ಬಾಯಿಯೇ ತೆರೆಯದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಮುಂದಿನದಕ್ಕೆ ಸುಮಾರು 2 ಲೀಟರ್, ಹಿಂದಿನದಕ್ಕೆ ಒಂದೂವರೆ ಲೀಟರ್ ಹಿಡಿಯುತ್ತದೆ. ತುಂಬಿಸುವ ಬಾಯಿಯಿಂದ ಹೊರಗೆ ಜಿನುಗಿದರೆ ಸಾಕು, ಅಳತೆ ಸರಿ. ಜಿಪ್ಸಿಯಲ್ಲಿ ಗೇರ್ ಬಾಕ್ಸ್ ಬೇರೆ, ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ, ನಡುವೆ ಒಂದು ಗಿಡ್ಡ ಶಾಫ್ಟ್. ಗ್ರೀಸ್ ಗನ್ ಹಿಡಿದವರು ಉದ್ದದ ಎರಡು ಶಾಫ್ಟ್‌ಗೆ ಹೊಡೆದು ಈ ಗಿಡ್ಡದನ್ನು ಮರೆತುಬಿಡುತ್ತಾರೆ. ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಅದಕ್ಕೂ ಹೊಡೆಯಿರಿ.

ಕರೆಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. 2018ರ ಜೂನ್‌ನಲ್ಲಿ ಗಾಡಿ ಮನಸ್ಸು ಬಂದಾಗ ಸ್ಟಾರ್ಟ್, ಇಲ್ಲದಾಗ ಇಲ್ಲ. ಒಂದು ವರ್ಕ್‌ಶಾಪಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಿ ಬಿಲ್ ಕೊಟ್ಟರು. ವಾರದಲ್ಲಿ ಮತ್ತೆ ಅದೇ ಕಥೆ. ಕೊನೆಗೆ ನಾನೇ ಕೂತು ಒಂದೊಂದೇ ಅರ್ಥ್ ವೈರ್ ಹುಡುಕಿದೆ. ಇಂಜಿನ್‌ಗೆ ಕಟ್ಟಿದ ಒಂದರ ಬೋಲ್ಟ್ ಅಡಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಮರಳು ಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಅಷ್ಟೇ. ಈಗ ಪ್ರತಿ ಮೇ ತಿಂಗಳು ಎಲ್ಲ ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜುತ್ತೇನೆ.

ಪೆಟ್ರೋಲ್ ಹೋಸುಗಳನ್ನೂ ಕಳೆದ ವರ್ಷ ಪೂರ್ತಿ ಬದಲಿಸಿದೆ. ಈಗ ಪಂಪಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2004ರ ರಬ್ಬರ್ ಅದಕ್ಕೆ ಅಂತ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ನಾನು ಬಿಡುವುದಿಲ್ಲ.

ತುಕ್ಕು ಮಾತ್ರ ಪ್ರತಿ ವರ್ಷ ಇರುವ ಕೆಲಸ. ಇಪ್ಪತ್ತು ವರ್ಷ ಮಲೆನಾಡಿನ ಮಳೆ ಕುಡಿದ ತಗಡು ಅಲ್ವಾ, ಬಂದೇ ಬರುತ್ತದೆ. ಮ್ಯಾಟ್ ಅಡಿಯ ನೆಲ, ಗಾಜಿನ ಫ್ರೇಮಿನ ಕೆಳಭಾಗ, ಹಿಂದಿನ ಚಕ್ರದ ಮೇಲಿನ ಮೂಲೆ, ಬಾಡಿ ಚಾಸಿಗೆ ಕೂರುವ ಜಾಗಗಳು, ಇವನ್ನು ಮೊದಲು ನೋಡಿ. ಸ್ಕ್ರೂಡ್ರೈವರ್ ತುದಿಯಲ್ಲಿ ಕುಟ್ಟಿ. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗೆ ಹೋಗಿದೆ. ನಾನು ಮೇಲಿನ ತುಕ್ಕು ಉಜ್ಜಿ ಪ್ರೈಮರ್ ಹೊಡೆಯುವವರೆಗೆ ಮಾತ್ರ ಮಾಡುತ್ತೇನೆ. ತೂತು ಬಿದ್ದರೆ ಟಿಂಕರಿಂಗ್‌ನವರೇ ಬೇಕು. ಹಳೇ ಇಂಜಿನ್ ಆಯಿಲ್ ಅಡಿಗೆ ಬಳಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸ್ಪ್ರಿಂಗಿನ ರಬ್ಬರ್ ಬುಷ್ ಉಬ್ಬುತ್ತದೆ, ಆಮೇಲೆ ಅದು ತೊಟ್ಟಿಕ್ಕುವುದು ನಮ್ಮದೇ ತೋಟಕ್ಕೆ, ಹಳ್ಳಕ್ಕೆ.

ಚಾಸಿ ವೆಲ್ಡಿಂಗ್, ಗೇರ್ ಬಾಕ್ಸ್ ಒಳಗಿನ ಕೆಲಸ, ಡಿಫರೆನ್ಷಿಯಲ್ ಒಳಗಿನ ಕ್ರೌನ್ ಪಿನಿಯನ್ ಗೇರ್ ಸೆಟ್ಟಿಂಗ್, ಇವಕ್ಕೆ ನಾನು ಕೈ ಹಾಕುವುದಿಲ್ಲ. ಟೈಮಿಂಗ್ ಬೆಲ್ಟನ್ನೂ ಲಕ್ಷ ಕಿಲೋಮೀಟರಿಗೆ ಆ ಸಕಲೇಶಪುರದ ಹಿರಿಯ ಮೆಕ್ಯಾನಿಕ್ ಹತ್ತಿರವೇ ವಾಟರ್ ಪಂಪ್ ಸಮೇತ ಬದಲಿಸಿಕೊಂಡೆ. ಇನ್ನು ಜಾಕ್ ಒಂದನ್ನೇ ನಂಬಿ ಗಾಡಿ ಅಡಿಗೆ ನುಗ್ಗಬೇಡಿ. ನಮ್ಮ ಅಂಗಳದ ಮಣ್ಣು ಮಳೆಯಲ್ಲಿ ಬೆಣ್ಣೆಯ ಹಾಗೆ ಕುಸಿಯುತ್ತದೆ. ಜಾಕ್ ಅಡಿಗೆ ಅಗಲ ಹಲಗೆ, ಚಾಸಿಗೆ ಎರಡು ಸ್ಟ್ಯಾಂಡ್, ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು. ಇಷ್ಟು ಆಗದೆ ನಾನು ಕೆಳಗೆ ಮಲಗುವುದಿಲ್ಲ.

ಜಿಪ್ಸಿ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಬಿಡಿಭಾಗ ಸಿಗುತ್ತಿದೆ. ಸೈನ್ಯ, ಪೊಲೀಸ್, ಅರಣ್ಯ ಇಲಾಖೆ ಎಲ್ಲ ವರ್ಷಗಟ್ಟಲೆ ಇದನ್ನೇ ಓಡಿಸಿದ್ದರಿಂದ ಬಿಡಿಭಾಗದ ವ್ಯಾಪಾರ ಇನ್ನೂ ಉಸಿರಾಡುತ್ತಿದೆ. ನಾನು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಸೀಲ್, ಬೇರಿಂಗ್ ಎರಡೆರಡು ಸೆಟ್ ತರುತ್ತೇನೆ. ಬೇರಿಂಗ್‌ನಲ್ಲಿ ನಕಲಿ ಜಾಸ್ತಿ. ಡಬ್ಬಿ ನೋಡಿ ಕೊಳ್ಳಬೇಡಿ, ಬಳೆಯ ಮೇಲೆ ಕೊರೆದ ಅಕ್ಷರ ಬೆರಳಲ್ಲಿ ಮುಟ್ಟಿ ನೋಡಿ, ತಿರುಗಿಸಿ ಸದ್ದು ಕೇಳಿ.

15 ವರ್ಷ ಆದ ಮೇಲೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸಿ ನೋಂದಣಿ ನವೀಕರಿಸಬೇಕು. 2019ರಲ್ಲಿ ನಾನು ಮಾಡಿಸಿದಾಗ ನವೀಕರಣ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2024ರಲ್ಲಿ ಅಷ್ಟು ಕಟ್ಟಿದೆ. ಹಸಿರು ತೆರಿಗೆ ಬೇರೆ. ಹಳೇ ಜಿಪ್ಸಿ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊಳ್ಳಬಹುದಾ ಅಂತ ಕೇಳುವವರಿಗೆ ಹೇಳುತ್ತೇನೆ. ತಿಂಗಳಿಗೆ ಒಂದು ಭಾನುವಾರ ಕೊಡುವ ಮನಸ್ಸಿದ್ದರೆ ಕೊಳ್ಳಿ. ಎಲ್ಲಕ್ಕೂ ಗ್ಯಾರೇಜಿಗೆ ಬಿಡುವವರಿಗೆ ಇದು ದುಬಾರಿ ಆಗುತ್ತದೆ. ಕೊಳ್ಳುವಾಗ ಪೇಂಟ್ ನೋಡಬೇಡಿ, ಚಾಸಿ ನೋಡಿ. ದೊಡ್ಡ ಟೈರ್ ಹಾಕಿ ಓಡಿಸಿದ ಗಾಡಿ ಆದರೆ ಕಿಂಗ್ ಪಿನ್, ವೀಲ್ ಬೇರಿಂಗ್ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ನಾನು ಕಂಪನಿ ಅಳತೆಯ ಟೈರನ್ನೇ ಉಳಿಸಿಕೊಂಡಿದ್ದೇನೆ.

ನನ್ನದರಲ್ಲಿ ಈಗ ಬಲಗಡೆ ನಕಲ್ ಸಣ್ಣಗೆ ಜಿನುಗುತ್ತಿದೆ. ಮೂಸಿ ನೋಡಿದೆ, ಗ್ರೀಸ್ ಮಾತ್ರ, ಗೇರ್ ಆಯಿಲ್ ಇಲ್ಲ. ಸೀಲ್ ಸೆಟ್ ತಂದಿಟ್ಟಿದ್ದೇನೆ. ಮಳೆ ಬಿಟ್ಟು ಅಂಗಳ ಒಣಗಿದ ಮೊದಲ ಭಾನುವಾರ ಬಿಚ್ಚುತ್ತೇನೆ. ಈ ಸಲ ಶಿಮ್ ಪೋಣಿಸುವ ಕೆಲಸ ತನಗೇ ಬೇಕು ಅಂತ ಮಗಳು ಈಗಲೇ ಹೇಳಿಟ್ಟಿದ್ದಾಳೆ.